ಬಳ್ಳಾರಿ ಬಿಸಿಲಿಗೆ ಯಾವ ಪ್ರೊಜೆಕ್ಟರ್? ಮೂರು ಯಂತ್ರ, ಒಂದೇ ಗೋಡೆ

ಮನೆಗೆ ಪ್ರೊಜೆಕ್ಟರ್ ತರಬೇಕೆಂದವರು ಮೊದಲು ಕೇಳುವುದು ಎರಡು ಪ್ರಶ್ನೆ. ಎಷ್ಟು ಲುಮೆನ್, ಅಂದರೆ ಎಷ್ಟು ಬೆಳಕು? ಫುಲ್ ಎಚ್‌ಡಿಯೋ, ಫೋರ್‌ಕೆಯೋ? ಎರಡೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಒಂದು ಬೆಲೆಯ ಆಸುಪಾಸಿನ ಯಂತ್ರಗಳಲ್ಲಿ ಈ ಎರಡು ಅಂಕಿ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತವೆ. ಆಮೇಲೆ ತೀರ್ಮಾನ ನಿಲ್ಲುವುದು ಉಳಿದ ಗುಣಗಳ ಮೇಲೆ: ಎಷ್ಟು ಸೆಕೆ ತಡೆದೀತು, ಧೂಳು ಹೊಕ್ಕರೆ ಏನು ಗತಿ, ಕರೆಂಟು ಹೋದಾಗ ಏನಾಗುತ್ತದೆ, ಎಲ್ಲಿ ಕೂರಿಸಬಹುದು, ಎಷ್ಟು ಸದ್ದು ಮಾಡುತ್ತದೆ. ಬಳ್ಳಾರಿಯಲ್ಲಿ ಇರುವವರಿಗೆ ಈ ಗುಣಗಳ ಕ್ರಮ ಬೆಂಗಳೂರಿನವರ ಕ್ರಮಕ್ಕಿಂತ ಬೇರೆ. ಎಸಿ ಕೋಣೆಯಲ್ಲಿ ಕೂತು ಮಾಡಿದ ವಿಮರ್ಶೆಯಲ್ಲಿ ಸೆಕೆ, ಧೂಳಿನ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮಗೆ ಅವೇ ಮೊದಲು.

ನಾನು ಹೋಲಿಸಿದ್ದು ಮೂರು ಯಂತ್ರಗಳನ್ನು. ಮೂರೂ ನಮ್ಮ ಮನೆಯ ಮಹಡಿ ಹಾಲಿನಲ್ಲಿ, ಅದೇ ಬಿಳಿ ಗೋಡೆಯ ಮೇಲೆ, 100 ಇಂಚಿನ ಚಿತ್ರಕ್ಕೆ ಹೊಂದಿಸಿ ನೋಡಿದವು. ಮೊದಲನೆಯದು ನಾನು ಕೊಂಡದ್ದು: ತ್ರೀ ಎಲ್‌ಸಿಡಿ (ಮೂರು ಸಣ್ಣ ಎಲ್‌ಸಿಡಿ ಪಟ್ಟಿಗಳಿಂದ ಚಿತ್ರ ಮೂಡಿಸುವ ಬಗೆ), ಒಳಗೆ ದೀಪ, ಯಂತ್ರ ಅಲುಗಿಸದೆ ಚಿತ್ರ ಸರಿಸುವ ಲೆನ್ಸ್ ಶಿಫ್ಟ್ ಇದೆ, ತೂಕ ಆರೇಳು ಕೆಜಿ. ಎರಡನೆಯದು ನಮ್ಮ ಭಾವನದು: ಡಿಎಲ್‌ಪಿ (ಸೂಕ್ಷ್ಮ ಕನ್ನಡಿಗಳ ಚಿಪ್ಪಿನಿಂದ ಚಿತ್ರ ಮೂಡಿಸುವ ಬಗೆ), ಅದೂ ದೀಪದ್ದೇ, ಮೂರು ಕೆಜಿಗೂ ಕಡಿಮೆ. ಮೂರನೆಯದು ಅಕ್ಕನ ಮಗ ಆನ್‌ಲೈನ್‌ನಲ್ಲಿ ತರಿಸಿದ ಎಲ್‌ಇಡಿ ಸ್ಮಾರ್ಟ್ ಪ್ರೊಜೆಕ್ಟರ್: ಆಟೋಫೋಕಸ್, ವೈಫೈ, ಸ್ಪೀಕರ್ ಎಲ್ಲಾ ಒಳಗೇ. ಬೆಳಕಿನಲ್ಲಿ ಇದು ಉಳಿದೆರಡರ ಹತ್ತಿರಕ್ಕೂ ಬರುವುದಿಲ್ಲ, ಬೆಲೆಯಲ್ಲೂ ಅಷ್ಟೇ ಕೆಳಗಿದೆ. ಆದರೂ ಹೋಲಿಕೆಗೆ ಸೇರಿಸಿದ್ದೇನೆ, ಏಕೆಂದರೆ ನಮ್ಮ ಕಡೆ ಈಗ ಹೆಚ್ಚಿನವರು ತರಿಸುತ್ತಿರುವುದು ಇದನ್ನೇ.

ಗುಣಗಳನ್ನು ತೂಗುವಾಗ ನಾನು ಒಂದು ಗೆರೆ ಎಳೆದುಕೊಂಡೆ. ಆಮೇಲೆ ಹಣ ಕೊಟ್ಟು ಸೇರಿಸಿಕೊಳ್ಳಬಹುದಾದವು ಒಂದು ಕಡೆ, ಯಂತ್ರದ ಜೊತೆಗೇ ಹುಟ್ಟಿ ಬಂದು ಬದಲಿಸಲಾಗದವು ಇನ್ನೊಂದು ಕಡೆ. ಸ್ಪೀಕರ್ ಬೇಡವೆನಿಸಿದರೆ ಸೌಂಡ್‌ಬಾರ್ ತರಬಹುದು. ನೆಟ್‌ಫ್ಲಿಕ್ಸ್ ಬರದಿದ್ದರೆ ಆ್ಯಪುಗಳನ್ನು ಓಡಿಸುವ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಬಹುದು. ಆದರೆ ಗಾಳಿ ಎಳೆಯುವ ದಾರಿ, ಲೆನ್ಸ್ ಶಿಫ್ಟ್, ಬಣ್ಣ ಮೂಡಿಸುವ ವಿಧಾನ, ಇವನ್ನು ಯಾವ ಅಂಗಡಿಯಲ್ಲೂ ಬಿಡಿಯಾಗಿ ಕೊಡುವುದಿಲ್ಲ. ಹಾಗಾಗಿ ನನ್ನ ಅಂಕಗಳೆಲ್ಲ ಎರಡನೇ ಗುಂಪಿಗೇ ಹೆಚ್ಚು ಬಿದ್ದಿವೆ.

ಸೆಕೆ

ಯಾವುದೇ ಪ್ರೊಜೆಕ್ಟರಿನ ಕೈಪಿಡಿಯ ಕೊನೆಯ ಪುಟಗಳಲ್ಲಿ ಒಂದು ಸಾಲಿರುತ್ತದೆ: ಯಂತ್ರ ಎಷ್ಟು ಡಿಗ್ರಿ ಉಷ್ಣತೆಯೊಳಗೆ ಕೆಲಸ ಮಾಡಬೇಕು ಅಂತ. ನನ್ನ ತ್ರೀ ಎಲ್‌ಸಿಡಿಗೆ ಬರೆದಿರುವುದು 5ರಿಂದ 35 ಡಿಗ್ರಿ. ಭಾವನ ಡಿಎಲ್‌ಪಿಗೆ 40ರವರೆಗೆ. ಎಲ್‌ಇಡಿಗೆ 35. ಓದುವಾಗ ಐದು ಡಿಗ್ರಿ ದೊಡ್ಡದೆನಿಸುವುದಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟುವ ಊರು ನಮ್ಮದು. ಮಹಡಿ ಮೇಲಿನ ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ. ಊಟ ಮುಗಿಸಿ ಕೂತಾಗಲೂ ಗೋಡೆಯ ಥರ್ಮಾಮೀಟರ್ 37 ತೋರಿಸುವ ರಾತ್ರಿಗಳಿವೆ. ಐಪಿಎಲ್ ಬರುವುದೂ ಅದೇ ತಿಂಗಳುಗಳಲ್ಲಿ. ಪ್ರೊಜೆಕ್ಟರಿಗೆ ವರ್ಷದಲ್ಲೇ ಅತಿ ಹೆಚ್ಚು ಕೆಲಸ ಬೀಳುವ ಕಾಲ ಮತ್ತು ಅದಕ್ಕೆ ಅತಿ ಕಷ್ಟದ ಕಾಲ ಎರಡೂ ಒಂದೇ.

ಕಾವು ಮೀರಿದಾಗ ಮೂರೂ ಬೇರೆಬೇರೆ ರೀತಿ ನಡೆದುಕೊಂಡವು. ತ್ರೀ ಎಲ್‌ಸಿಡಿಯಲ್ಲಿ ಮೊದಲು ಫ್ಯಾನಿನ ಸದ್ದು ಏರಿತು, ಆಮೇಲೆ ಪರದೆಯ ಮೇಲೆ ಉಷ್ಣತೆಯ ಎಚ್ಚರಿಕೆ ಬಂತು. ಇಕೋ ಮೋಡಿಗೆ ಹಾಕಿದ ಮೇಲೆ ಸುಮ್ಮನಾಯಿತು. ಇಕೋದಲ್ಲಿ ದೀಪ ಎಳೆಯುವ ವಿದ್ಯುತ್ ಕಡಿಮೆ, ಹುಟ್ಟುವ ಕಾವೂ ಕಡಿಮೆ. ಬೆಳಕು ಇಳಿದದ್ದು ಕಂಡಿತಾದರೂ ರಾತ್ರಿ ಕತ್ತಲಲ್ಲಿ ಅದು ತೊಂದರೆಯಾಗಲಿಲ್ಲ. ಡಿಎಲ್‌ಪಿ ಪೂರ್ತಿ ಬೆಳಕಿನಲ್ಲೇ ಮ್ಯಾಚ್ ಮುಗಿಸಿತು, ಎಚ್ಚರಿಕೆ ಬರಲಿಲ್ಲ. ಎಲ್‌ಇಡಿ ಏನೂ ಹೇಳದೆ ತನ್ನಷ್ಟಕ್ಕೆ ಬೆಳಕು ಇಳಿಸಿತು. ಜೊತೆಗೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚಿತ್ರದ ಮೂಲೆಗಳು ಮಂಜಾದವು, ಸ್ಕೋರ್ ತೋರಿಸುವ ಕೆಳಗಿನ ಪಟ್ಟಿ ಒಂದು ತುದಿಯಲ್ಲಿ ಕಲಸಿಹೋಯಿತು. ಕಾವಿಗೆ ಒಳಗಿನ ಭಾಗಗಳು ಹಿಗ್ಗಿ ಫೋಕಸ್ ಜಾರುವುದು ಇಂಥ ಸಣ್ಣ ಯಂತ್ರಗಳಲ್ಲಿ ಸಾಮಾನ್ಯ. ಆಟೋಫೋಕಸ್ ಗುಂಡಿ ಒತ್ತಿದರೆ ಸರಿಹೋಗುತ್ತದೆ, ಮತ್ತೆ ಜಾರುತ್ತದೆ.

ಇಲ್ಲೊಂದು ಉಪಾಯ ಹೇಳಬೇಕು. ಎಷ್ಟೋ ಪ್ರೊಜೆಕ್ಟರುಗಳ ಮೆನುವಿನಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಎಂದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 1500 ಮೀಟರಿಗಿಂತ ಮೇಲಿರುವ ಊರುಗಳಲ್ಲಿ ಗಾಳಿ ತೆಳುವಾದ್ದರಿಂದ ಫ್ಯಾನ್ ಜೋರಾಗಿ ತಿರುಗಲಿ ಅಂತ ಇಟ್ಟ ಸೌಲಭ್ಯ. ಬಳ್ಳಾರಿ ಅಷ್ಟು ಎತ್ತರದಲ್ಲಿಲ್ಲ. ಆದರೂ ಮೇ ತಿಂಗಳಲ್ಲಿ ಅದನ್ನು ಹಾಕಿಟ್ಟರೆ ಯಂತ್ರ ತಣ್ಣಗಿರುತ್ತದೆ. ಸದ್ದು ಹೆಚ್ಚುತ್ತದೆ ನಿಜ, ಸೀಲಿಂಗ್ ಫ್ಯಾನೂ ಕೂಲರೂ ಜೊತೆಗೆ ಓಡುತ್ತಿರುವಾಗ ಅದು ಕಿವಿಗೆ ಬೀಳುವುದೇ ಇಲ್ಲ.

ಕೂಲರನ್ನು ಮಾತ್ರ ಪ್ರೊಜೆಕ್ಟರಿಗೆ ಮುಖ ಮಾಡಿ ಇಡಬೇಡಿ. ತಂಪು ಬೀಸಲಿ ಅಂತ ಅನೇಕರು ಹಾಗೆ ಮಾಡುತ್ತಾರೆ. ಬೋರಿನ ಗಡಸು ನೀರಿನ ತುಂತುರು ಲೆನ್ಸಿನ ಮೇಲೆ ಕೂತು ಒಣಗಿದರೆ ಬಿಳಿ ಚುಕ್ಕೆಗಳು ಉಳಿಯುತ್ತವೆ, ಉಜ್ಜಿ ತೆಗೆಯಲು ಹೋದರೆ ಲೆನ್ಸಿನ ಲೇಪನಕ್ಕೇ ಗೀರು ಬೀಳುತ್ತದೆ.

ಧೂಳು

ಇದರಲ್ಲಿ ಮೂರರ ನಡುವಿನ ಅಂತರ ದೊಡ್ಡದು. ತ್ರೀ ಎಲ್‌ಸಿಡಿಯಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಸಣ್ಣ ಎಲ್‌ಸಿಡಿ ಪಟ್ಟಿ ಇರುತ್ತದೆ. ಅವುಗಳ ಮೇಲೂ ನಡುವೆಯೂ ಗಾಳಿ ಹಾಯಿಸಿಯೇ ತಂಪು ಮಾಡಬೇಕು. ಗಾಳಿಯ ಜೊತೆ ಧೂಳು ಹೋಗಿ ಒಂದು ಪಟ್ಟಿಯ ಮೇಲೆ ಕೂತರೆ ಪರದೆಯ ಮೇಲೆ ಆ ಬಣ್ಣದ ಮಸುಕು ಚುಕ್ಕೆ ಕಾಣುತ್ತದೆ. ಹಗಲಿನ ದೃಶ್ಯದಲ್ಲಿ ಗೊತ್ತಾಗದು, ಕಪ್ಪು ದೃಶ್ಯ ಬಂದಾಗ ತೇಲಿಬರುತ್ತದೆ. ಅದಕ್ಕೇ ಇಂಥ ಯಂತ್ರಗಳಿಗೆ ಗಾಳಿ ಒಳಹೋಗುವ ಕಡೆ ಫಿಲ್ಟರ್ ಕೊಟ್ಟಿರುತ್ತಾರೆ.

ಆ ಫಿಲ್ಟರನ್ನು ಬಳ್ಳಾರಿಯಲ್ಲಿ ಒಂದು ಬೇಸಿಗೆ ಕಳೆದ ಮೇಲೆ ತೆಗೆದು ನೋಡಬೇಕು. ಬರುವಾಗ ಬೂದು ಬಣ್ಣದ್ದಿರುತ್ತದೆ. ನಾನು ಪೇಪರ್ ಹಾಸಿ ಅದರ ಮೇಲೆ ಮೆಲ್ಲಗೆ ತಟ್ಟಿದಾಗ ಉದುರಿದ್ದು ಕುಂಕುಮದಂಥ ಕೆಂಪು ಪುಡಿ. ಬೆರಳಲ್ಲಿ ತಿಕ್ಕಿದರೆ ಮಿರಮಿರ ಮಿನುಗುತ್ತದೆ. ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಮನೆ ಇದ್ದವರಿಗೆ ಈ ಬಣ್ಣ ಹೊಸದಲ್ಲ, ಕಿಟಕಿ ಸಂದಿಯಲ್ಲಿ ದಿನಾ ಒರೆಸುವುದೇ. ಆದರೆ ಅದು ಯಂತ್ರದ ಮೂಗಿನಲ್ಲಿ ಅಷ್ಟು ದಪ್ಪಗೆ ಕೂತಿರುತ್ತದೆ ಎಂಬುದು ಕಣ್ಣಾರೆ ನೋಡಿದಾಗಲೇ ಮನಸ್ಸಿಗೆ ಹತ್ತುವುದು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಕಾವು ಹೆಚ್ಚು, ಕಾವು ಹೆಚ್ಚಿದರೆ ದೀಪದ ಆಯುಸ್ಸು ಕಮ್ಮಿ. ನನ್ನ ಯಂತ್ರದ ಫಿಲ್ಟರ್ ಪಕ್ಕದಿಂದ ಜಾರಿ ಬರುತ್ತದೆ, ಸ್ಕ್ರೂ ಬಿಚ್ಚಬೇಕಿಲ್ಲ, ಸೀಲಿಂಗಿಗೆ ತೂಗುಹಾಕಿದ್ದಾಗಲೂ ಕೈಗೆ ಸಿಗುತ್ತದೆ. ಇದೊಂದು ಸೌಕರ್ಯಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಕೆಲವು ಮಾದರಿಗಳಲ್ಲಿ ಫಿಲ್ಟರ್ ತಳಭಾಗದಲ್ಲಿರುತ್ತದೆ, ಪ್ರತಿ ಸಲ ಯಂತ್ರ ಎತ್ತಬೇಕು. ಎತ್ತಿದ ಮೇಲೆ ಮತ್ತೆ ಚಿತ್ರ ಹೊಂದಿಸಬೇಕು. ಆ ತೊಂದರೆಗೆ ಬೇಸತ್ತು ಜನ ಸ್ವಚ್ಛ ಮಾಡುವುದನ್ನೇ ಬಿಡುತ್ತಾರೆ.

ಡಿಎಲ್‌ಪಿಗೆ ಫಿಲ್ಟರೇ ಇಲ್ಲ. ಅದರಲ್ಲಿ ಚಿತ್ರ ಮೂಡಿಸುವುದು ಲಕ್ಷಗಟ್ಟಲೆ ಸೂಕ್ಷ್ಮ ಕನ್ನಡಿಗಳಿರುವ ಚಿಪ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ್ದು. ಆ ಚಿಪ್ಪನ್ನು ಗಾಜಿನ ಹಿಂದೆ ಭದ್ರವಾಗಿ ಮುಚ್ಚಿರುತ್ತಾರೆ, ಬೆಳಕಿನ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿರುತ್ತಾರೆ. ಭಾವನ ಯಂತ್ರದಲ್ಲಿ ಇದುವರೆಗೆ ಒಂದೂ ಚುಕ್ಕೆ ಬಂದಿಲ್ಲ. ವರ್ಷಕ್ಕೊಮ್ಮೆ ಗಾಳಿ ಕಿಂಡಿಗಳಿಗೆ ಬ್ಲೋವರ್ ಹಿಡಿಸುತ್ತಾರೆ, ಅಷ್ಟೇ.

ಎಲ್‌ಇಡಿಯ ಕಥೆ ಯಾವ ಮಾದರಿ ಎನ್ನುವುದರ ಮೇಲೆ ನಿಂತಿದೆ. ಅಗ್ಗದವುಗಳಲ್ಲಿ ಬೆಳಕಿನ ಪೆಟ್ಟಿಗೆ ತೆರೆದೇ ಇರುತ್ತದೆ. ಒಂದು ವರ್ಷದಲ್ಲಿ ಚಿತ್ರದ ತುಂಬ ಚುಕ್ಕೆ. ಕೊಳ್ಳುವಾಗ ಸೀಲ್ಡ್ ಆಪ್ಟಿಕಲ್ ಎಂಜಿನ್ (ಮುಚ್ಚಿದ ಬೆಳಕಿನ ಪೆಟ್ಟಿಗೆ) ಎಂದು ಬರೆದಿದೆಯೇ ನೋಡಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು. ನಮ್ಮ ಅಳಿಯ ತಂದದ್ದು ಮುಚ್ಚಿದ ಬಗೆಯದು. ಅವರ ಮನೆ ಕೌಲ್‌ಬಜಾರಿನಲ್ಲಿ, ಕೆಳಗಡೆ ಜೀನ್ಸ್ ಹೊಲಿಯುವ ಮಷೀನುಗಳಿವೆ. ಪ್ರೊಜೆಕ್ಟರಿನ ಹಿಂದಿನ ಜಾಲರಿಯಲ್ಲಿ ನೀಲಿ ನಾರು ಪದರ ಪದರವಾಗಿ ಕೂತಿತ್ತು. ಚಿಮಟದಲ್ಲಿ ಎಳೆದರೆ ಬತ್ತಿಯ ಹಾಗೆ ಉದ್ದಕ್ಕೆ ಬಂತು. ಚಿತ್ರಕ್ಕೆ ಏನೂ ಆಗಿರಲಿಲ್ಲ, ಆದರೆ ಫ್ಯಾನಿನ ಸದ್ದು ಬದಲಾಗಿತ್ತು. ಜಾಲರಿ ಬಿಚ್ಚಲು ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಕರೆಂಟು ಹೋದಾಗ

ದೀಪದ ಪ್ರೊಜೆಕ್ಟರುಗಳಲ್ಲಿ ಇರುವುದು ಪಾದರಸದ ಆರ್ಕ್ ದೀಪ. ಉರಿಯುವಾಗ ಅದರ ಒಳಗಿನ ಒತ್ತಡ 200 ಬಾರ್ ಆಸುಪಾಸಿಗೆ ಹೋಗುತ್ತದೆ. ಬಿಸಿ ಇರುವವರೆಗೆ ಅಷ್ಟು ಒತ್ತಡದಲ್ಲಿ ಮತ್ತೆ ಕಿಡಿ ಹೊತ್ತುವುದಿಲ್ಲ. ಹಾಗಾಗಿ ಒಂದು ಕ್ಷಣ ಕರೆಂಟು ಹೋಗಿ ಬಂದರೂ ದೀಪ ತಣಿಯುವವರೆಗೆ ಕೆಲವು ನಿಮಿಷ ಕಾಯಲೇಬೇಕು. ಆ ಹೊತ್ತಿನಲ್ಲಿ ಫ್ಯಾನೂ ನಿಂತಿರುವುದರಿಂದ ಒಳಗಿನ ಕಾವು ಒಳಗೇ ಉಳಿಯುತ್ತದೆ. ದೀಪಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಕೊನೆಯ ಓವರಿನಲ್ಲಿ ಕರೆಂಟು ಹೋದರೆ ಮೊಬೈಲಿನಲ್ಲೇ ಮುಗಿಸಬೇಕು.

ಇನ್ವರ್ಟರ್ ಇದೆಯಲ್ಲ ಅನ್ನಬಹುದು. ಅದನ್ನು ಯಾವ ಮೋಡಿನಲ್ಲಿ ಇಟ್ಟಿದ್ದೀರಿ ಎಂಬುದು ಮುಖ್ಯ. ಮನೆಯ ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತದೆ. ಅದರಲ್ಲಿ ಇಟ್ಟರೆ ಬ್ಯಾಟರಿಗೆ ಹೊರಳುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಪ್ರೊಜೆಕ್ಟರಿಗೆ ಗೊತ್ತಾಗುವುದಿಲ್ಲ. ಸಾಮಾನ್ಯ ಮೋಡಿನಲ್ಲಿ ಹೊರಳಲು ತಡ, ದೀಪ ಆರಿಹೋಗುತ್ತದೆ. ನಮ್ಮ ಮನೆಯಲ್ಲಿ ಸ್ವಿಚ್ ಬದಲಿಸಿದ ಮೇಲೆ ತ್ರೀ ಎಲ್‌ಸಿಡಿ ಒಮ್ಮೆಯೂ ಆರಿಲ್ಲ. ಸೈನ್‌ವೇವ್ ಇನ್ವರ್ಟರೇ ಇರಲಿ, ಹಳೆಯ ಸ್ಕ್ವೇರ್‌ವೇವ್ ಪೆಟ್ಟಿಗೆಗೆ ಪ್ರೊಜೆಕ್ಟರ್ ಜೋಡಿಸುವುದು ಬೇಡ.

ಎಷ್ಟು ಎಳೆಯುತ್ತದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತ್ರೀ ಎಲ್‌ಸಿಡಿ ಪೂರ್ತಿ ಬೆಳಕಿನಲ್ಲಿ 350 ವ್ಯಾಟ್ ಹತ್ತಿರ, ಡಿಎಲ್‌ಪಿ 300ರೊಳಗೆ, ಎಲ್‌ಇಡಿ 100ರ ಆಸುಪಾಸು. ಇನ್ವರ್ಟರ್ ಇಲ್ಲದೆ ಬರೀ ಕಂಪ್ಯೂಟರಿನ ಸಣ್ಣ ಯುಪಿಎಸ್ ಇಡುವವರು ಗಮನಿಸಬೇಕು: 600 ವಿಎ ಎಂದು ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟಿಗೆ ಮುಗಿಯುತ್ತದೆ. ತ್ರೀ ಎಲ್‌ಸಿಡಿಗೆ ಅದು ಅಂಚಿಗೇ ಬಂತು. 1000 ವಿಎ ಬೇಕು. ಸಿನಿಮಾ ಪೂರ್ತಿ ನೋಡಲಾಗದಿದ್ದರೂ ಸರಿಯಾಗಿ ಆರಿಸಿ, ಫ್ಯಾನ್ ಓಡಿ, ದೀಪ ತಣಿಯುವಷ್ಟು ಸಮಯ ಸಿಕ್ಕರೆ ಸಾಕು.

ಎಲ್‌ಇಡಿಗೆ ಈ ಯಾವ ಕಷ್ಟವೂ ಇಲ್ಲ. ಕರೆಂಟು ಬಂದ ಕೂಡಲೇ ಹೊತ್ತುತ್ತದೆ. ಸ್ಮಾರ್ಟ್ ವ್ಯವಸ್ಥೆ ಎದ್ದು ಕೂರಲು ತೆಗೆದುಕೊಳ್ಳುವಷ್ಟೇ ಹೊತ್ತು. ಬೆಳಕಿನ ಮೂಲದ ಆಯುಸ್ಸು 20,000 ಗಂಟೆಗೂ ಹೆಚ್ಚು ಅಂತ ಕೊಡುತ್ತಾರೆ. ನನ್ನ ದೀಪಕ್ಕೆ ಪೂರ್ತಿ ಬೆಳಕಿನಲ್ಲಿ 3500, ಇಕೋದಲ್ಲಿ 5000. ದಿನಕ್ಕೆ ಮೂರು ಗಂಟೆ ಅಂತ ಹಿಡಿದರೆ ಇಕೋದಲ್ಲಿ ನಾಲ್ಕೂವರೆ ವರ್ಷ. ಬದಲಿ ದೀಪ ಬಳ್ಳಾರಿಯಲ್ಲಿ ಕೈಗೆ ಸಿಗುವ ವಸ್ತುವಲ್ಲ, ಬೆಂಗಳೂರಿನಿಂದ ಬರಬೇಕು. ಯಂತ್ರಕ್ಕೆ ಇರುವ ವಾರಂಟಿ ದೀಪಕ್ಕೂ ಇರುತ್ತದೆ ಅಂದುಕೊಳ್ಳಬೇಡಿ. ದೀಪದ್ದು ಬೇರೆಯೇ, ಅದಕ್ಕಿಂತ ಚಿಕ್ಕದು, ಗಂಟೆಗಳ ಮಿತಿಯೂ ಇರುತ್ತದೆ.

ಎಲ್ಲಿ ಕೂರಿಸುವುದು

ನೂರಿಂಚಿನ ಚಿತ್ರ ಅಂದರೆ ಅಗಲ 2.21 ಮೀಟರ್, ಹೆಚ್ಚುಕಡಿಮೆ ಏಳೂಕಾಲು ಅಡಿ. ಎತ್ತರ ನಾಲ್ಕು ಅಡಿ. ಥ್ರೋ ರೇಶಿಯೋ ಎಂದು ಬರೆದ ಅಂಕಿಯನ್ನು ಈ ಅಗಲಕ್ಕೆ ಗುಣಿಸಿದರೆ ಗೋಡೆಯಿಂದ ಲೆನ್ಸ್ ಎಷ್ಟು ದೂರ ಇರಬೇಕು ಎಂಬುದು ಸಿಗುತ್ತದೆ. ಡಿಎಲ್‌ಪಿಗೆ 1.5ರ ಆಸುಪಾಸು, ಅಂದರೆ ಸುಮಾರು ಹನ್ನೊಂದು ಅಡಿ. ಝೂಮ್ ಅದರಲ್ಲಿ ತೀರಾ ಕಮ್ಮಿ, ಆಚೀಚೆ ಒಂದಡಿ ಸರಿಸಬಹುದು. ನನ್ನ ತ್ರೀ ಎಲ್‌ಸಿಡಿಗೆ 1.32ರಿಂದ 2.15. ಒಂಬತ್ತೂವರೆ ಅಡಿಯಿಂದ ಹದಿನೈದೂವರೆ ಅಡಿವರೆಗೆ ಎಲ್ಲಿ ಬೇಕಾದರೂ ಇಡಬಹುದು. ಎಲ್‌ಇಡಿಗೆ ಝೂಮ್ ಇಲ್ಲವೇ ಇಲ್ಲ, ಒಂಬತ್ತು ಅಡಿ ಅಂದರೆ ಒಂಬತ್ತೇ ಅಡಿ.

ಈ ಲೆಕ್ಕ ಏಕೆ ಮುಖ್ಯ ಅಂದರೆ ನಮ್ಮ ಹಾಲುಗಳ ನಟ್ಟನಡುವೆ ಸೀಲಿಂಗ್ ಫ್ಯಾನ್ ಇರುತ್ತದೆ. ಹದಿನಾರು ಅಡಿ ಉದ್ದದ ಹಾಲಿನಲ್ಲಿ ಫ್ಯಾನ್ ಇರುವುದು ಎಂಟನೇ ಅಡಿಯಲ್ಲಿ, ರೆಕ್ಕೆಗಳು ಆರರಿಂದ ಹತ್ತನೇ ಅಡಿವರೆಗೆ ಚಾಚಿರುತ್ತವೆ. ಒಂಬತ್ತು ಅಡಿಗೆ ಎಲ್‌ಇಡಿಯನ್ನು ಮೇಲೆ ತೂಗುಹಾಕಲು ಹೋದರೆ ರೆಕ್ಕೆಯ ಕೆಳಗೇ ಬರುತ್ತದೆ. ಹನ್ನೊಂದು ಅಡಿಗೆ ಡಿಎಲ್‌ಪಿ ಹಾಕಿದರೆ ಫ್ಯಾನಿನ ಹಿಂದೆ ಬರುತ್ತದೆ, ಸೀಲಿಂಗಿಗೆ ಅಂಟಿಸಿದಂತೆ ಕೂರಿಸಿದರೆ ಬೆಳಕು ರೆಕ್ಕೆಗಳ ನಡುವೆಯೇ ಹಾಯ್ದು ಗೋಡೆಯ ಮೇಲೆ ನೆರಳು ಪಟಪಟ ಹೊಡೆಯುತ್ತದೆ. ಕೆಳಗೆ ಪೈಪು ಇಳಿಸಿ ರೆಕ್ಕೆಗಳಿಗಿಂತ ತಗ್ಗಿನಲ್ಲಿ ಕೂರಿಸಬೇಕು. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಸಿನಿಮಾ ನೋಡುವುದು ನಮ್ಮ ಊರಿನಲ್ಲಿ ಆಗುವ ಮಾತಲ್ಲ. ಮನೆ ಕಟ್ಟುತ್ತಿರುವವರು ಈಗಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ಫ್ಯಾನಿನ ಜಾಗವನ್ನೂ ಚಿತ್ರ, ಸದ್ದು ಒಯ್ಯುವ ಎಚ್‌ಡಿಎಂಐ ಕೇಬಲಿನ ಪೈಪನ್ನೂ ಒಟ್ಟಿಗೆ ಯೋಚಿಸಲಿ. ಮಾಮೂಲಿ ಮುಕ್ಕಾಲು ಇಂಚಿನ ವೈರಿಂಗ್ ಪೈಪಿನಲ್ಲಿ ಎಚ್‌ಡಿಎಂಐ ತಲೆ ಹಿಡಿಸುವುದಿಲ್ಲ, ಒಂದೂವರೆ ಇಂಚಿನದು ಹಾಕಿಸಿ.

ಲೆನ್ಸ್ ಶಿಫ್ಟ್ ಇಲ್ಲಿ ಕೈಹಿಡಿಯಿತು. ಯಂತ್ರವನ್ನು ಅಲುಗಿಸದೆ, ಒಳಗಿನ ಲೆನ್ಸನ್ನೇ ಸರಿಸಿ ಚಿತ್ರವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒಯ್ಯುವ ಸೌಲಭ್ಯ. ನನ್ನದರಲ್ಲಿ ಎರಡು ತಿರುಗುಣಿಗಳಿವೆ. ಹಿಂದಿನ ಗೋಡೆಯ ಸಜ್ಜಾ ಮೇಲೆ, ಮಧ್ಯದಿಂದ ಒಂದೂವರೆ ಅಡಿ ಪಕ್ಕಕ್ಕೆ ಕೂರಿಸಿದ್ದೇನೆ. ತಿರುಗುಣಿ ತಿರುಗಿಸಿದರೆ ಚಿತ್ರ ಸರಿಯಾದ ಜಾಗಕ್ಕೆ ಬಂತು, ನಾಲ್ಕು ಮೂಲೆಯೂ ನೇರ, ಒಂದು ಪಿಕ್ಸೆಲ್ಲೂ ಕಳೆಯಲಿಲ್ಲ. ಫ್ಯಾನ್ ತಂಟೆಗೂ ಹೋಗಲಿಲ್ಲ, ಸ್ಲ್ಯಾಬಿಗೆ ತೂತೂ ಕೊರೆಯಲಿಲ್ಲ.

ಡಿಎಲ್‌ಪಿಯಲ್ಲೂ ಎಲ್‌ಇಡಿಯಲ್ಲೂ ಆ ಕೆಲಸವನ್ನು ಕೀಸ್ಟೋನ್ ಮಾಡುತ್ತದೆ. ಓರೆಯಾಗಿ ಬಿದ್ದ ಚಿತ್ರವನ್ನು ಒಳಗೇ ಕುಗ್ಗಿಸಿ, ಗೋಡೆಯ ಮೇಲೆ ಚೌಕ ಕಾಣುವಂತೆ ಮಾಡುವ ಉಪಾಯ ಅದು. ಕುಗ್ಗಿಸಿದಷ್ಟೂ ಪಿಕ್ಸೆಲ್ ನಷ್ಟ, ಬೆಳಕೂ ನಷ್ಟ. ಎಲ್‌ಇಡಿಯನ್ನು ಪಕ್ಕದಿಂದ ಓರೆಯಾಗಿ ಇಟ್ಟಾಗ ಅದರ ಆಟೋ ಕೀಸ್ಟೋನ್ ಚಿತ್ರವನ್ನು ಚೌಕ ಮಾಡಿತು ನಿಜ, ಆದರೆ ಸುತ್ತ ಬೂದು ಬಣ್ಣದ ಖಾಲಿ ಅಂಚು ಉಳಿಯಿತು, ಸಣ್ಣ ಅಕ್ಷರಗಳು ಹರಿದಂತೆ ಕಂಡವು. ಮನೆಮಂದಿ ಓಡಾಡಿ ಮೇಜು ಅಲ್ಲಾಡಿದರೆ ಮ್ಯಾಚಿನ ನಡುವೆಯೇ ಮತ್ತೆ ಹೊಂದಿಸಲು ಶುರುಮಾಡುತ್ತದೆ. ಆ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಆರಿಸಿ, ನೇರವಾಗಿ ಎದುರಿಗೆ ಇಟ್ಟರೆ ಅದೇ ಯಂತ್ರ ಎಷ್ಟೋ ಚೆಂದ.

ಮನೆಯವರ ಕಣ್ಣು

ಡಿಎಲ್‌ಪಿ ಚಿತ್ರ ನನಗೆ ಇಷ್ಟವಾಯಿತು. ಕಪ್ಪು ಕಪ್ಪಾಗಿತ್ತು, ಅಂಚುಗಳು ಚೂಪು. ಹತ್ತು ನಿಮಿಷ ಕಳೆದಿರಲಿಲ್ಲ, ಮಗಳು ಕೇಳಿದಳು: “ಅಪ್ಪಾ, ಅಕ್ಷರದ ಸುತ್ತ ಕೆಂಪು-ಹಸಿರು ಮಿಂಚತಾವಲ್ಲ, ನಿನಗ ಕಾಣಂಗಿಲ್ಲೇನು?” ನನಗೆ ಕಾಣುತ್ತಿರಲಿಲ್ಲ. ಭಾವನಿಗೂ ಇಲ್ಲ. ಅವಳಿಗೆ ಕಪ್ಪು ಹಿನ್ನೆಲೆಯ ಬಿಳಿ ಸಬ್‌ಟೈಟಲ್ ಬಂದಾಗಲೆಲ್ಲ, ಕಣ್ಣು ಆಚೀಚೆ ಹೊರಳಿಸಿದಾಗಲೆಲ್ಲ ಕಾಣುತ್ತಿತ್ತು. ಸಿನಿಮಾ ಮುಗಿಯುವ ಹೊತ್ತಿಗೆ ತಲೆನೋವು ಅಂತ ಎದ್ದು ಹೋದಳು.

ಒಂದೇ ಚಿಪ್ಪಿನ ಡಿಎಲ್‌ಪಿ ಕೆಂಪು, ಹಸಿರು, ನೀಲಿಯನ್ನು ಒಟ್ಟಿಗೆ ತೋರಿಸುವುದಿಲ್ಲ. ಬಣ್ಣದ ಚಕ್ರ ತಿರುಗಿಸಿ ಒಂದಾದ ಮೇಲೆ ಒಂದರಂತೆ ತೋರಿಸುತ್ತದೆ. ಮಿದುಳು ಅದನ್ನು ಬೆರೆಸಿಕೊಳ್ಳುತ್ತದೆ. ಕಣ್ಣು ಬೇಗ ಹೊರಳಿದಾಗ ಕೆಲವರಿಗೆ ಆ ಬಣ್ಣಗಳು ಬಿಡಿಬಿಡಿಯಾಗಿ ಕಾಣಿಸಿಬಿಡುತ್ತವೆ. ಚಕ್ರ ಬೇಗ ತಿರುಗುವ ಮಾದರಿಗಳಲ್ಲಿ ಇದು ಕಡಿಮೆ. ತ್ರೀ ಎಲ್‌ಸಿಡಿಯಲ್ಲಿ ಮೂರೂ ಬಣ್ಣ ಒಟ್ಟಿಗೆ ಬರುವುದರಿಂದ ಈ ತೊಂದರೆ ಇಲ್ಲವೇ ಇಲ್ಲ. ನಮ್ಮ ಎಲ್‌ಇಡಿಯಲ್ಲೂ ಇರುವುದು ಎಲ್‌ಸಿಡಿ ಪಟ್ಟಿಯಾದ್ದರಿಂದ ಅದರಲ್ಲೂ ಕಾಣಲಿಲ್ಲ. ಡಿಎಲ್‌ಪಿ ಕೊಳ್ಳುವ ಮೊದಲು ಮನೆಯ ಎಲ್ಲರನ್ನೂ ಕೂರಿಸಿ ಒಂದು ಗಂಟೆ ಸಬ್‌ಟೈಟಲ್ ಇರುವ ಸಿನಿಮಾ ತೋರಿಸಿ. ಯಾರಿಗೆ ಕಾಣುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಕಾಣುವವರಿಗೆ ರೂಢಿಯಾಗಿ ಹೋಗುತ್ತದೆ ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ನಮ್ಮ ಮನೆಯಲ್ಲಿ ರೂಢಿಯಾಗಲಿಲ್ಲ.

ಆಟ ಆಡುವವರಿಗೆ ಮಾತ್ರ ಡಿಎಲ್‌ಪಿಯೇ ಮೇಲು. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಆಗುವುದಕ್ಕೂ ನಡುವಿನ ತಡ ಅದರಲ್ಲಿ 16 ಮಿಲಿಸೆಕೆಂಡ್ ಅಂತ ಕೊಟ್ಟಿದ್ದಾರೆ. ಕ್ರಿಕೆಟ್ ಗೇಮಿನಲ್ಲಿ ಬ್ಯಾಟು ಹೇಳಿದ ಹೊತ್ತಿಗೇ ಬೀಸುತ್ತದೆ. ತ್ರೀ ಎಲ್‌ಸಿಡಿಯಲ್ಲಿ ಫಾಸ್ಟ್ ಮೋಡಿಗೆ ಹಾಕಿದರೆ ಸಾಕಾಗುತ್ತದೆ. ಎಲ್‌ಇಡಿಯಲ್ಲಿ ಕೀಸ್ಟೋನ್ ಹಾಕಿಟ್ಟು ಆಡಲು ಹೋದರೆ ಚೆಂಡು ಕೀಪರ್ ಕೈಗೆ ಹೋದ ಮೇಲೆ ಬ್ಯಾಟು ಏಳುತ್ತದೆ.

ಸದ್ದು, ಸ್ಪೀಕರ್, ಸ್ಮಾರ್ಟ್

ಫ್ಯಾನಿನ ಸದ್ದಿನ ಡೆಸಿಬೆಲ್ ಅಂಕಿಗೆ ವಿಮರ್ಶಕರು ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ವರ್ಷದ ಎಂಟು ತಿಂಗಳು ನಮ್ಮ ತಲೆಯ ಮೇಲೆ ಅದಕ್ಕಿಂತ ಜೋರು ಫ್ಯಾನ್ ತಿರುಗುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ವ್ಯತ್ಯಾಸ ಕೇಳಿಸಿತು: ತ್ರೀ ಎಲ್‌ಸಿಡಿ ಇಕೋದಲ್ಲಿ 24 ಡೆಸಿಬೆಲ್, ಇದೆಯೋ ಇಲ್ಲವೋ ಅನ್ನುವಷ್ಟು. ಡಿಎಲ್‌ಪಿಯ ಬಣ್ಣದ ಚಕ್ರದ ಸಣ್ಣ ಕೀರಲು ದನಿ ಮೆಲುಮಾತಿನ ದೃಶ್ಯಗಳಲ್ಲಿ ಕಿವಿಗೆ ಸಿಕ್ಕಿತು.

ಸ್ಪೀಕರಿನ ವ್ಯಾಟ್ ಎಷ್ಟು ಅಂತ ನೋಡುವುದಕ್ಕಿಂತ ಸದ್ದನ್ನು ಹೊರಗೆ ಕಳಿಸುವ ದಾರಿ ಏನಿದೆ ಅಂತ ನೋಡಿ. ಸಜ್ಜಾ ಮೇಲೆ ಕೂತ ಯಂತ್ರದ ಸ್ಪೀಕರ್ ಎಷ್ಟೇ ಚೆನ್ನಾಗಿದ್ದರೂ ಮಾತು ಬೆನ್ನ ಹಿಂದಿನಿಂದ ಬರುತ್ತದೆ. ಎಚ್‌ಡಿಎಂಐ ಕೇಬಲಿನಲ್ಲೇ ಸದ್ದನ್ನು ಹೊರಗೆ ಕಳಿಸುವ ಎಆರ್‌ಸಿ ಇದ್ದರೆ ಸೌಂಡ್‌ಬಾರಿಗೆ ನೇರ. ಇಲ್ಲದಿದ್ದರೆ 3.5 ಮಿಲಿಮೀಟರ್ ಆಡಿಯೋ ಔಟ್ ಆದರೂ ಇರಲಿ. ಬ್ಲೂಟೂತ್ ಇದೆಯಲ್ಲ ಅಂದುಕೊಂಡರೆ ತುಟಿ ಆಡುವುದಕ್ಕೂ ಮಾತು ಕೇಳುವುದಕ್ಕೂ ತಾಳ ತಪ್ಪುತ್ತದೆ, ಅದನ್ನು ಸರಿಹೊಂದಿಸುವ ಸೆಟ್ಟಿಂಗ್ ಎಲ್ಲದರಲ್ಲೂ ಇರುವುದಿಲ್ಲ. ಎಲ್‌ಇಡಿಯನ್ನು ಮುಂದೆ ಟೀಪಾಯಿ ಮೇಲೆ ಇಡುವುದರಿಂದ ಅದರ ಸ್ವಂತ ಸ್ಪೀಕರೇ ಸಾಕಾಯಿತು. ಈ ಒಂದರಲ್ಲಿ ಅದೇ ಮುಂದು.

“ಮಾಮಾ, ಇದರಾಗ ಎಲ್ಲಾ ಆ್ಯಪ್ ಅದಾವ, ಬ್ಯಾರೆ ಏನೂ ಬ್ಯಾಡ” ಅಂತ ಅಳಿಯ ಹೇಳಿದ್ದ. ಆ್ಯಪುಗಳು ಇದ್ದವು. ನೆಟ್‌ಫ್ಲಿಕ್ಸಿನ ಅಧಿಕೃತ ಮಾನ್ಯತೆ ಇಲ್ಲದ ಯಂತ್ರಗಳಲ್ಲಿ ಅದು ತೆರೆಯುವುದಿಲ್ಲ, ತೆರೆದರೂ 480ಪಿ ಮಟ್ಟದ ಮಂಜು ಚಿತ್ರ ಬರುತ್ತದೆ. ನೂರಿಂಚಿಗೆ ಅದನ್ನು ಹಿಗ್ಗಿಸಿದರೆ ಮುಖ ಗುರುತಿಸುವುದೂ ಕಷ್ಟ. ಹಾಗಾಗಿ ಅದಕ್ಕೂ ಕೊನೆಗೆ ಸ್ಟಿಕ್ ಸಿಕ್ಕಿಸಿದ್ದಾಯಿತು. ಸ್ಟಿಕ್ಕಿಗೆ ಪ್ರೊಜೆಕ್ಟರಿನ ಯುಎಸ್‌ಬಿಯಿಂದ ಕರೆಂಟು ಕೊಡಬೇಡಿ, ಸಾಲದೆ ಆಗಾಗ ಆರಿ ಹತ್ತುತ್ತದೆ. ಅದರದೇ ಅಡಾಪ್ಟರ್ ಬಳಸಿ. ಸ್ಮಾರ್ಟ್ ಸೌಲಭ್ಯಕ್ಕೆ ನನ್ನ ಪಟ್ಟಿಯಲ್ಲಿ ಕೊನೆಯ ಸ್ಥಾನ.

ಗೋಡೆಗೆ ಅಂಟಿಸಿದಂತೆ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಲೇಸರ್ ಬಗ್ಗೆಯೂ ಕೇಳುತ್ತಾರೆ. ಪರಿಚಯದವರೊಬ್ಬರ ಮನೆಯಲ್ಲಿ ನೋಡಿದೆ. ಫ್ಯಾನಿನ ತಂಟೆಯಿಲ್ಲ, ಯಾರೂ ಬೆಳಕಿಗೆ ಅಡ್ಡ ಬರುವುದಿಲ್ಲ, ಕರೆಂಟು ಬಂದ ಕೂಡಲೇ ಹೊತ್ತುತ್ತದೆ. ಆದರೆ ಅದರ ಗಾಜು ಆಕಾಶಕ್ಕೆ ಮುಖ ಮಾಡಿರುತ್ತದೆ. ನಮ್ಮ ಧೂಳು ನೆಟ್ಟಗೆ ಅದರ ಮೇಲೆಯೇ ಇಳಿಯುತ್ತದೆ, ದಿನಾ ಮೈಕ್ರೋಫೈಬರ್ ಬಟ್ಟೆ ಹಿಡಿಯಬೇಕು. ಬೆಳಕು ತೀರ ಕೆಳಗಿನಿಂದ ಏರುವುದರಿಂದ ಗಾರೆಯ ಸಣ್ಣ ಉಬ್ಬು ಕೂಡ ನೆರಳು ಹಾಕುತ್ತದೆ. ಅದಕ್ಕೆಂದೇ ಮಾಡಿದ ಪರದೆ ಬೇಕು, ಆ ಪರದೆಯ ಬೆಲೆಯಲ್ಲಿ ನನ್ನಂಥವರು ಇನ್ನೊಂದು ಪ್ರೊಜೆಕ್ಟರನ್ನೇ ಕೊಳ್ಳಬಹುದು.

ನಮ್ಮ ಮನೆಯಲ್ಲಿ ಉಳಿದದ್ದು ತ್ರೀ ಎಲ್‌ಸಿಡಿ. ಸೆಕೆಯಲ್ಲಿ, ಧೂಳಿನಲ್ಲಿ ಡಿಎಲ್‌ಪಿ ಗೆದ್ದಿದೆ ಎಂಬುದನ್ನು ಒಪ್ಪುತ್ತೇನೆ. ಮಗಳ ಕಣ್ಣಿಗೆ ಆಗದ್ದನ್ನು ಮನೆಯಲ್ಲಿ ಇಡುವ ಮಾತಿಲ್ಲ. ಸೆಕೆಗೆ ಪರಿಹಾರವಾಗಿ ಏಪ್ರಿಲ್ ಬಂದ ಕೂಡಲೇ ಯಂತ್ರವನ್ನು ಕೆಳಗಿನ ಕೋಣೆಗೆ ಇಳಿಸುತ್ತೇವೆ. ಮೇಲೆ ಮಹಡಿ ಇರುವುದರಿಂದ ಅಲ್ಲಿ ನಾಲ್ಕೈದು ಡಿಗ್ರಿ ಕಡಿಮೆ. ಕೋಣೆ ಚಿಕ್ಕದು, ಆದರೆ ಝೂಮ್ ಇರುವುದರಿಂದ ಹತ್ತಡಿಯಲ್ಲೇ ಅದೇ ಅಳತೆಯ ಚಿತ್ರ ಸಿಗುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆಯುವ ಕೆಲಸ ಮಗಳದೇ.

ಭಾವನ ಮನೆಯಲ್ಲಿ ಯಾರಿಗೂ ಆ ಬಣ್ಣದ ಮಿಂಚು ಕಾಣುವುದಿಲ್ಲ, ಹುಡುಗರು ಗೇಮ್ ಆಡುತ್ತಾರೆ, ಹಾಲ್ ಮಹಡಿ ಮೇಲಿದೆ. ಅವರಿಗೆ ಡಿಎಲ್‌ಪಿಗಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಕುರುಗೋಡಿನಲ್ಲಿರುವ ನಮ್ಮ ದೊಡ್ಡಪ್ಪನ ಮನೆಗೆ ಹಳೆಯ ಕಲ್ಲುಬಂಡೆಯ ಛಾವಣಿ. ಬಂಡೆಗೆ ತೂತು ಕೊರೆಯುವುದು ಬೇಡವೆಂದು ಮೇಸ್ತ್ರಿಯೇ ಹೇಳಿದ. ಅಲ್ಲಿಗೆ ಅಳಿಯ ತಂದಂಥ ಎಲ್‌ಇಡಿಯನ್ನೇ ತರಿಸಿ ಅಂತ ಹೇಳಿದ್ದೇನೆ. ಬೇಸಿಗೆ ರಾತ್ರಿ ಅಂಗಳಕ್ಕೋ ಮಾಳಿಗೆಗೋ ಎತ್ತಿಕೊಂಡು ಹೋಗಬಹುದು, ಕತ್ತಲಲ್ಲಿ ಎಂಬತ್ತು ಇಂಚಿಗೆ ಆ ಬೆಳಕು ಸಾಕು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕೆಲವು ದಿನ ಹೊರಗೆ ಹಾಕಬಾರದು, ರೆಕ್ಕೆಯ ಹುಳುಗಳು ಬೆಳಕಿಗೆ ಮುಗಿಬಿದ್ದು ಗಾಳಿಯ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತವೆ.